ಬಾಕ್ಸ್ ಸೆಟ್ ಬಿಟ್ಟ ಮೇಲೆ ಫ್ಯಾಂಟಸಿ ಓದಿಸೋಕಾಯ್ತು

ಫ್ಯಾಂಟಸಿ, ಅಂದ್ರೆ ಮಾಯೆ-ಮಂತ್ರದ ಕಲ್ಪನಾ ಲೋಕದ ಕಥೆ, ಅದರ ಹೆಸರೆತ್ತಿದ್ರೆ ಮೂಗು ಮುರಿಯೋರಿಗೂ ಓದಿಸ್ತೀನಿ ಅಂದಾಗ ನಮ್ಮ ಓದೋ ಗೆಳೆಯರು ಚೆನ್ನಾಗೇ ನಕ್ಕಿದ್ರು. ಈಗ ಹತ್ತು ಹನ್ನೆರಡು ಜನ ಓದ್ತಿದಾರೆ, ಇಬ್ರೋ ಮೂವರೋ ನನ್ನನ್ನೇ ದಾಟಿ ಹೋಗಿದಾರೆ, ಅದಕ್ಕೇ ಬರೀತಿದೀನಿ. ಎಪಿಕ್, ಅರ್ಬನ್, ಗ್ರಿಮ್‌ಡಾರ್ಕ್ ಅಂತ ಫ್ಯಾಂಟಸಿಯಲ್ಲೇ ಬೇರೆ ಬೇರೆ ಬಗೆ ಇವೆ, ಆ ಪಾಠ ಬಿಡ್ತೀನಿ.

ಶುರುನಲ್ಲಿ ಎಲ್ಲರ ಥರಾನೇ ಟೋಲ್ಕಿನ್‌ನ ಲಾರ್ಡ್ ಆಫ್ ದ ರಿಂಗ್ಸ್ ಬಾಕ್ಸ್ ಸೆಟ್, ಅಂದ್ರೆ ಮೂರು ಸಂಪುಟ ಒಂದೇ ಡಬ್ಬದಲ್ಲಿ, ಗಿಫ್ಟ್ ಕೊಡ್ತಿದ್ದೆ. ಕಥೆಗೆ ಮುಂಚೆನೇ ಹಾಬಿಟ್ ಅನ್ನೋ ಕುಳ್ಳ ಜನರ ಕುಲಗೋತ್ರ, ಅವರು ಸೇದೋ ಸೊಪ್ಪಿನ ಇತಿಹಾಸ, ಇದನ್ನೆಲ್ಲ ದಾಟಿ ಮೊದಲನೇ ಅಧ್ಯಾಯಕ್ಕೆ ಬರೋರೇ ಕಮ್ಮಿ. ವರ್ಷ ಬಿಟ್ಟು ಅವರ ಮನೆಗೆ ಹೋಗಿ ನೋಡಿದ್ರೆ ಮೊದಲನೇ ಸಂಪುಟದ ಬೆನ್ನಲ್ಲಿ ಒಂದು ಗೆರೆ, ಉಳಿದೆರಡು ಅಂಗಡಿಯಿಂದ ಬಂದ ಹಾಗೇ ಗರಿಗರಿ. ದುಡ್ಡಿನ ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯತ್ತೆ, ಒಂದು ಸೆಟ್ಟಿನ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಬಿಡಿ ಪುಸ್ತಕ ಏಳೆಂಟಾದ್ರೂ ಬರೋವು. ಆಮೇಲಿಂದ ಹೊಸಬರಿಗೆ ಸೆಟ್ ಕೊಳ್ಳೋದೇ ಇಲ್ಲ, ಮೊದಲು ಫ್ರೀ ಸ್ಯಾಂಪಲ್ ಇಲ್ಲಾಂದ್ರೆ ಲೈಬ್ರರಿ, ಅದಾದ ಮೇಲೇನೇ ಖರೀದಿ.

ಉದ್ದದ ಸೀರೀಸ್ ಕೊಟ್ಟಾಗ ಇನ್ನೊಂದು ತಲೆನೋವು. ವೀಲ್ ಆಫ್ ಟೈಮ್ ಹಿಡ್ಕೊಂಡು ಹೋದ್ರೆ ಒಬ್ಬ ಪುಟಾನೂ ತೆಗೀದೆ "ಒಟ್ಟು ಎಷ್ಟು ಪುಸ್ತಕ" ಅಂದ, ಹದಿನಾಲ್ಕು ಅಂದೆ, ಮಾತು ಕ್ರಿಕೆಟ್‌ಗೆ ಹೋಯ್ತು. ಗೇಮ್ ಆಫ್ ಥ್ರೋನ್ಸ್ ಬರೆದ ಮಾರ್ಟಿನ್‌ನ ಸೀರೀಸಲ್ಲಿ ಮೊದಲನೇದು 1996, ಐದನೇದು 2011, ಆರನೇದಕ್ಕೆ ಇನ್ನೂ ಕಾಯ್ತಾನೇ ಇದೀವಿ. ನಮಗೇನೋ ಅಭ್ಯಾಸ ಆಗಿದೆ, ಹೊಸಬ ಐದೂ ಮುಗಿಸಿ ಬಂದು "ಮುಂದಿಂದು ಕೊಡು" ಅಂದ್ರೆ ಬೈಸ್ಕೊಳ್ಳೋದು ನಾವು. ಹಾಗಾಗಿ ಒಂದರಲ್ಲೇ ಮುಗಿಯೋ ಕಥೆ, ಇಲ್ಲಾ ಸೀರೀಸ್ ಆದ್ರೂ ಅಲ್ಲಿಗೇ ನಿಲ್ಲಿಸಿದ್ರೂ ಸರಿ ಅನ್ನಿಸೋ ಪುಸ್ತಕ, ಅಷ್ಟೇ ಕೊಡೋದು.

ಕೆಲಸ ಮಾಡಿದ್ದು ಇದು: "ಯಾವ ಥರ ಫ್ಯಾಂಟಸಿ ಇಷ್ಟ ಆಗಬಹುದು" ಅಂತ ಕೇಳಲೇಬೇಡಿ, ಅವರಿಗೇ ಗೊತ್ತಿರಲ್ಲ. ಕೊನೇ ಸಲ ನಿದ್ದೆಗೆಟ್ಟು ಓದಿದ್ದೋ ನೋಡಿದ್ದೋ ಏನು ಅಂತ ಕೇಳಿ. ದರೋಡೆ ಪ್ಲ್ಯಾನ್ ಸಿನಿಮಾ ಅಂದವನಿಗೆ ಸ್ಯಾಂಡರ್ಸನ್‌ನ ಮಿಸ್ಟ್‌ಬಾರ್ನ್ ಮೊದಲನೇದು (2006) ಕೊಟ್ಟೆ. ದಪ್ಪ ಪುಸ್ತಕ, ಆದ್ರೂ ಓಡತ್ತೆ. ಅದ್ರಲ್ಲಿ ಲೋಹ ನುಂಗಿದ್ರೆ ಶಕ್ತಿ, ಸ್ಟೀಲ್ ಆದ್ರೆ ಲೋಹನ ತಳ್ಳೋದು, ಐರನ್ ಆದ್ರೆ ಎಳೆಯೋದು. ನಾಣ್ಯ ನೆಲಕ್ಕೆ ಬಿಸಾಕಿ ಅದನ್ನ ತಳ್ಳಿ ಮೇಲಕ್ಕೆ ಹಾರ್ತಾರೆ, ತನಗಿಂತ ಭಾರದ್ದನ್ನ ತಳ್ಳಿದ್ರೆ ತಾನೇ ಹಿಂದಕ್ಕೆ ಎಗರೋದು. ನಮ್ಮ ಇಂಜಿನಿಯರ್ ಗೆಳೆಯ ಪೆನ್ಸಿಲ್ ಹಿಡಿದು ಬಾಣದ ಗುರುತು ಹಾಕ್ಕೊಂಡು ಕೂತಿದ್ದ, ಅಲ್ಲಿಗೆ ಗೆದ್ದೆ ಅಂದ್ಕೊಂಡೆ.

ಪೊಲೀಸ್ ಕಥೆ ಓದೋರಿಗೆ ಪ್ರ್ಯಾಚೆಟ್‌ನ ಗಾರ್ಡ್ಸ್ ಗಾರ್ಡ್ಸ್ (1989). ಅದು ಸೇರಿರೋ ಡಿಸ್ಕ್‌ವರ್ಲ್ಡ್ ಸೀರೀಸಲ್ಲಿ 41 ಕಾದಂಬರಿ ಇದೆ, ದಯವಿಟ್ಟು ನಂಬರ್ ಒಂದರಿಂದ ಶುರು ಮಾಡಿಸಬೇಡಿ, 1983ರ ಆ ಪುಸ್ತಕ ಪೂರ್ತಿ ಬೇರೆ ಫ್ಯಾಂಟಸಿಗಳ ಗೇಲಿ, ಆ ಪುಸ್ತಕಗಳೇ ಗೊತ್ತಿಲ್ದೋರಿಗೆ ನಗು ಎಲ್ಲಿಂದ ಬರಬೇಕು.

"ನಾನು ಸೀರಿಯಸ್ ಸಾಹಿತ್ಯ ಮಾತ್ರ ಓದೋದು" ಅನ್ನೋರು ಕಷ್ಟ ಅಂತ ಎಲ್ಲರೂ ಹೇಳ್ತಾರೆ. ನನಗೆ ಅವರೇ ಸುಲಭ ಆದ್ರು. ಸೂಸನ್ನಾ ಕ್ಲಾರ್ಕ್‌ನ ಪಿರನೇಸಿ (2020) ಫ್ಯಾಂಟಸಿ ಅಂತ ಹೇಳ್ದೆನೇ ಕೊಟ್ಟೆ. ಮುಗಿಯದ ಹಜಾರಗಳು, ಎಲ್ಲೆಲ್ಲೂ ಪ್ರತಿಮೆಗಳು, ಕೆಳಗಡೆ ಸಮುದ್ರದ ಉಬ್ಬರ, ಒಬ್ಬ ಡೈರಿ ಬರೀತಾ ಇರ್ತಾನೆ. ಇನ್ನೂರೈವತ್ತು ಪುಟದ ಆಸುಪಾಸು. ಅದಾದ ಮೇಲೆ ಲೆ ಗ್ವಿನ್‌ನ ಅರ್ಥ್‌ಸೀ ಸೀರೀಸಿನ ಮೊದಲನೇದು (1968), ಅದು ಇನ್ನೂ ತೆಳು. ಈ ಎರಡನೇ ಪುಸ್ತಕನ ಯಾವಾಗ ಕೈಗಿಡಬೇಕು ಅನ್ನೋದಕ್ಕೆ ನಂದೇ ಒಂದು ಲೆಕ್ಕ ಇದೆ, ಅದನ್ನ ಇಲ್ಲಿ ಬಿಚ್ಚಲ್ಲ, ಕಷ್ಟಪಟ್ಟು ಕಂಡ್ಕೊಂಡಿದ್ದು.

ಮಧ್ಯೆ ಒಂದು ಪ್ರಯೋಗ ಮಾಡಿದ್ದೆ: ಮ್ಯಾಪು, ಮುನ್ನುಡಿ, ವಂಶಾವಳಿ ಅಷ್ಟನ್ನೂ ಬೈಂಡರ್ ಕ್ಲಿಪ್ ಹಾಕಿ ಮುಚ್ಚಿ "ಇಲ್ಲಿಂದ ಓದು" ಅಂತ ಕೊಡೋದು. ಚಿಲ್ರೆ ಐಡಿಯಾ ಅನ್ಸತ್ತೆ, ಆದ್ರೆ ಕ್ಲಿಪ್ ಹಾಕಿದ ಪುಸ್ತಕ ಅರ್ಧಕ್ಕೆ ಬಿಟ್ಟೋರು ಕಮ್ಮಿ, ಒಬ್ಬಳಂತೂ ಕಥೆ ಮುಗಿದ ಮೇಲೆ ತಾನೇ ಕ್ಲಿಪ್ ತೆಗೆದು ಮ್ಯಾಪ್ ನೋಡಿದ್ಳು. ಆಡಿಯೋಬುಕ್ಕೂ ಟ್ರೈ ಮಾಡಿದೆ, ವಿಚಿತ್ರ ಹೆಸರುಗಳ ಉಚ್ಚಾರದ ತೊಂದರೆ ತಪ್ಪತ್ತೆ ನಿಜ, ಆದ್ರೆ ಒಂದು ಸಲ ಗಮನ ತಪ್ಪಿದ್ರೆ ಯಾರು ಯಾರ ಮಗ ಅಂತಾನೇ ತಿಳಿಯಲ್ಲ, ಜನ ನಿದ್ದೆ ಹೋದ್ರು. ವೆಬ್ ಸೀರೀಸ್ ತೋರಿಸಿ ಪುಸ್ತಕಕ್ಕೆ ಎಳೆಯೋ ಪ್ಲ್ಯಾನ್ ಅಂತೂ ದಂಡ, ಸೀರೀಸ್ ನೋಡಿ ಸುಮ್ಮನಾಗ್ತಾರೆ.

ಇನ್ನೊಂದು, ಐವತ್ತು ಪುಟದ ಹತ್ರ ಬಿಡ್ತೀನಿ ಅಂದ್ರೆ ಬಿಡೋಕೆ ಬಿಡಿ. "ನೂರು ಪುಟ ದಾಟು, ಆಮೇಲೆ ಸೂಪರ್" ಅಂದ್ರೆ ಪುಸ್ತಕನೂ ಹೋಯ್ತು ಸ್ನೇಹನೂ ಹೋಯ್ತು. ಎಲ್ಲಿಗೆ ಬಂತು ಅಂತ ಫೋನ್ ಮಾಡಿ ಕೇಳೋದಂತೂ ಬೇಡವೇ ಬೇಡ.

ಸದ್ಯ ಮ್ಯಾನೇಜ್‌ಮೆಂಟ್ ಪುಸ್ತಕ ಬಿಟ್ಟು ಬೇರೇನೂ ಮುಟ್ಟದ ಒಬ್ಬರಿಗೆ ಗಾಬ್ಲಿನ್ ಎಂಪರರ್ (2014) ಕೊಟ್ಟಿದೀನಿ. ರಾಜಕೀಯ ಗೊತ್ತಿಲ್ದ ಹುಡುಗ ಇದ್ದಕ್ಕಿದ್ದಂಗೆ ಸಿಂಹಾಸನಕ್ಕೆ ಬಂದು ಆಸ್ಥಾನ ಸಂಭಾಳಿಸೋ ಕಥೆ, ಅವರಿಗೆ ಆಫೀಸೇ ಕಾಣಬಹುದು ಅಂತ. ಹೆಸರು ಒಂದೂ ನಾಲಿಗೆಗೆ ಹೊರಳಲ್ಲ ಅಂತ ಬೈದಿದಾರೆ, ಪುಸ್ತಕ ಮಾತ್ರ ವಾಪಸ್ ಕೊಟ್ಟಿಲ್ಲ.