ವಿದ್ಯುತ್ ಸಂಸ್ಥೆಯಿಂದ ನಗರದ ಖಜಾನೆಗೆ: ನಮ್ಮ ಸೂತ್ರ ನೆಲೆನಿಂತ ಬಗೆ

ನಗರದ ಒಡೆತನದ ವಿದ್ಯುತ್ ಸಂಸ್ಥೆಯು ನಗರದ ಸಾಮಾನ್ಯ ನಿಧಿಗೆ ಕೊಡುವ ವಾರ್ಷಿಕ ಮೊತ್ತವನ್ನು ಬಜೆಟ್ ಸಭೆಯ ಚೌಕಾಸಿಗೆ ಬಿಡದೆ, ವಿದ್ಯುತ್ ಖರೀದಿ ವೆಚ್ಚವನ್ನು ಕಳೆದು ಉಳಿಯುವ ಆದಾಯದ ಮೂರು ವರ್ಷಗಳ ಸರಾಸರಿಗೆ ಕಟ್ಟಿಬಿಡಬೇಕೆಂದು ನಾನು ಮೊದಲು ಹೇಳಿದಾಗ, ನಮ್ಮ ನಗರ ಮಂಡಳಿಯಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ನಗರದ ಹಣಕಾಸು ಕಚೇರಿಗೆ ತನ್ನ ಪಾಲು ಕುಗ್ಗೀತೆಂಬ ಭಯವಿದ್ದರೆ, ನಮ್ಮ ವಿದ್ಯುತ್ ವಿಭಾಗದವರಿಗೆ ಅದು ಹಿಗ್ಗೀತೆಂಬ ಅನುಮಾನವಿತ್ತು. ಅದೇ ಸೂತ್ರ ನೈಸರ್ಗಿಕ ಅನಿಲದ, ಅದರೊಂದಿಗೆ ವಿದ್ಯುತ್ತಿನ ಬೆಲೆಯೂ ಜಿಗಿದ 2021 ಮತ್ತು 2022ರ ವರ್ಷಗಳನ್ನೂ ದಾಟಿ ಇಂದಿಗೂ ಜಾರಿಯಲ್ಲಿದೆ. ಅಮೆರಿಕದಲ್ಲಿ ಇಂಥ ಸಾರ್ವಜನಿಕ ವಿದ್ಯುತ್ ಸಂಸ್ಥೆಗಳು ಸುಮಾರು 2,000 ಇವೆ, ಅವುಗಳಲ್ಲಿ ಹೆಚ್ಚಿನವು ನಮ್ಮಂತೆಯೇ ಸಣ್ಣವು. ಅಲ್ಲಿನ ಲೆಕ್ಕಪತ್ರ ನೋಡುವವರಿಗೆ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದಾಗ ಇದ್ದದ್ದು ಒಟ್ಟು ಆದಾಯದ ಶೇ. 5ರ ಪದ್ಧತಿ. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಒಡೆತನದ ವಿದ್ಯುತ್ ಸಂಸ್ಥೆಯಾದ ಟೆನೆಸೀ ಕಣಿವೆ ಪ್ರಾಧಿಕಾರ ತನ್ನ ವಿದ್ಯುತ್ ಮಾರಾಟದ ಶೇ. 5ನ್ನು ತೆರಿಗೆಯ ಬದಲಿಗೆ ರಾಜ್ಯಗಳಿಗೂ ಕೌಂಟಿಗಳಿಗೂ ಕೊಡುತ್ತದೆ. ನೆಬ್ರಾಸ್ಕದ ಸಾರ್ವಜನಿಕ ವಿದ್ಯುತ್ ಜಿಲ್ಲೆಗಳು ನಗರ ಮಿತಿಯೊಳಗಿನ ಚಿಲ್ಲರೆ ಮಾರಾಟದ ಮೇಲೆ ಅಷ್ಟೇ ಪ್ರಮಾಣವನ್ನು ತೆರುತ್ತವೆ. ಸ್ಯಾನ್ ಆಂಟೋನಿಯೊದಲ್ಲಿ ಮಿತಿ ಶೇ. 14ರವರೆಗೂ ಇದೆ. ತೊಂದರೆ ಇರುವುದು ಶೇಕಡಾವಾರಿನಲ್ಲಲ್ಲ, ಅದನ್ನು ಯಾವುದರ ಮೇಲೆ ಎಣಿಸುತ್ತೇವೆ ಎಂಬುದರಲ್ಲಿ. ನಮ್ಮ ಆದಾಯ ಆಗ ಹೆಚ್ಚುಕಡಿಮೆ 4 ಕೋಟಿ ಡಾಲರ್. ಅದರಲ್ಲಿ ಎರಡೂವರೆ ಕೋಟಿ ವಿದ್ಯುತ್ ಖರೀದಿಗೇ ಹೋಗುತ್ತಿತ್ತು, ತಂತಿ, ಕಂಬ, ಸಂಬಳ, ಸಾಲ ಎಲ್ಲಕ್ಕೂ ಸೇರಿ ಉಳಿಯುತ್ತಿದ್ದದ್ದು ಒಂದೂವರೆ ಕೋಟಿ. ನಗರಕ್ಕೆ 20 ಲಕ್ಷ ಸೇರುತ್ತಿತ್ತು. ಖರೀದಿ ಬೆಲೆ ಏರಿ ಆ ಎರಡೂವರೆ ಕೋಟಿ ಮೂರೂವರೆ ಕೋಟಿಯಾಯಿತೆನ್ನಿ. ಏರಿದ್ದಷ್ಟನ್ನೂ ಗ್ರಾಹಕರ ಬಿಲ್ಲಿಗೆ ಹಾಕುವುದರಿಂದ ಆದಾಯ 5 ಕೋಟಿ ಆಗುತ್ತದೆ, ನಗರದ ಪಾಲು 25 ಲಕ್ಷಕ್ಕೆ ಏರುತ್ತದೆ, ನಮ್ಮ ಕೈಯಲ್ಲಿ ಉಳಿಯುವುದು ಮಾತ್ರ ಅದೇ ಒಂದೂವರೆ ಕೋಟಿ. ಗ್ರಾಹಕರು ಬಿಲ್ ಕಟ್ಟಲು ತಡಮಾಡುವ ಕಾಲದಲ್ಲಿ, ನಗದು ಮೀಸಲು ಕರಗುತ್ತಿರುವಾಗ, ಖಜಾನೆಗೆ ಹೆಚ್ಚು ಕೊಡಬೇಕಾದ ಈ ಏರ್ಪಾಡು ನನಗೆ ಮೊದಲಿನಿಂದಲೂ ಅನ್ಯಾಯವಾಗಿ ಕಂಡಿತ್ತು.

ಇದಕ್ಕೆ ಮುಂಚೆ ಎರಡು ಪರ್ಯಾಯಗಳು ಬಿದ್ದುಹೋದವು. ಮಾರಾಟವಾದ ಯೂನಿಟ್ಟಿಗೆ ಇಷ್ಟು ಸೆಂಟ್ ಎಂಬುದು ಮೊದಲನೆಯದು. ಎಲ್‌ಇಡಿ ದೀಪ, ಉತ್ತಮ ಹವಾನಿಯಂತ್ರಕ, ಮನೆ ಮಾಡಿನ ಸೌರ ಫಲಕಗಳಿಂದಾಗಿ ಯೂನಿಟ್ ಮಾರಾಟ ಬೆಳೆಯದೆ ನಿಂತಾಗ ನಗರದವರು ಇದನ್ನು ತಳ್ಳಿಹಾಕಿದರು. ಅವರ ವಾದದಲ್ಲಿ ಹುರುಳಿತ್ತು. ಎರಡನೆಯದು ಆಸ್ತಿ ಮೌಲ್ಯದ ಪದ್ಧತಿ: ಸಂಸ್ಥೆ ಖಾಸಗಿಯದಾಗಿದ್ದರೆ ಎಷ್ಟು ಆಸ್ತಿ ತೆರಿಗೆ ಕಟ್ಟಬೇಕಿತ್ತೋ ಅಷ್ಟನ್ನೇ ಕೊಡುವುದು. ಕ್ಯಾಲಿಫೋರ್ನಿಯದ ರೆಡ್ಡಿಂಗ್ ನಗರ ತನ್ನ ವಿದ್ಯುತ್ ಆಸ್ತಿಯ ಶೇ. 1ರಂತೆ ಹೀಗೆಯೇ ಲೆಕ್ಕ ಹಾಕಿತ್ತು. ಆ ಪ್ರಕರಣ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ದರದಿಂದಲ್ಲದ ಬೇರೆ ಆದಾಯವೇ ಆ ಪಾವತಿಗೆ ಸಾಕಾಗುತ್ತಿದ್ದ ಕಾರಣ ಅದು ಗ್ರಾಹಕರ ಮೇಲಿನ ತೆರಿಗೆಯಲ್ಲವೆಂದು 2018ರಲ್ಲಿ ತೀರ್ಪಾಯಿತು. ತತ್ತ್ವ ಚೆನ್ನಾಗಿದೆ, ಆದರೆ ನಮ್ಮಲ್ಲಿ ಅದು ಹೊಂದಲಿಲ್ಲ. ಹೊಸ ವಿದ್ಯುತ್ ಉಪಕೇಂದ್ರ ಕಟ್ಟಿದ ವರ್ಷವೇ ಪಾವತಿ ಜಿಗಿಯುತ್ತದೆ, ಅದೇ ವರ್ಷ ಅದಕ್ಕಾಗಿ ಬಾಂಡ್ ಮೂಲಕ ಎತ್ತಿದ ಸಾಲದ ಕಂತೂ ಶುರುವಾಗುತ್ತದೆ. ಆಮೇಲೆ ಸವಕಳಿ ಕಳೆಯುತ್ತ ಹೋದಂತೆ ನಗರದ ಪಾಲು ಸೊರಗುತ್ತದೆ. ಟೆನೆಸೀ ರಾಜ್ಯದ 1987ರ ಕಾಯಿದೆ ಆಸ್ತಿ ಮೌಲ್ಯದ ಜೊತೆಗೆ, ಖರೀದಿ ವೆಚ್ಚ ಕಳೆದ ಆದಾಯದ ಮೂರು ವರ್ಷಗಳ ಸರಾಸರಿಯ ಶೇ. 4ನ್ನು ಸೇರಿಸುತ್ತದೆ. ಅದರ ಈ ಎರಡನೆಯ ಭಾಗವನ್ನೇ ನಾನು ಹಿಡಿದುಕೊಂಡೆ. ಆಸ್ಟಿನ್ ನಗರದ ಸಂಸ್ಥೆಯೂ ಖರೀದಿ ವೆಚ್ಚ ಬಿಟ್ಟು ಮೂರು ವರ್ಷಗಳ ಸರಾಸರಿಯ ಶೇ. 12ರಂತೆ ಕೊಡುತ್ತಿದ್ದದ್ದು ನನ್ನ ವಾದಕ್ಕೆ ಬಲ ತಂದಿತು. ನಮ್ಮ ಅಂಕಿಗಳಿಗೆ ಶೇ. 13ರ ಆಸುಪಾಸು ಸರಿಹೊಂದಿತು. ಮೊದಲ ವರ್ಷ ಹತ್ತೊಂಬತ್ತೂವರೆ ಲಕ್ಷ ಡಾಲರ್, ಅಂದರೆ ಹಳೆಯದಕ್ಕಿಂತ ಕೂದಲೆಳೆಯಷ್ಟು ಕಡಿಮೆ.

ಆ ಕೂದಲೆಳೆಯೇ ದೊಡ್ಡ ಜಗಳವಾಯಿತು. ಅದನ್ನು ಬಗೆಹರಿಸಿದ್ದು ನಗದಲ್ಲದ ಕೊಡುಗೆಗಳ ಲೆಕ್ಕ. ನಮ್ಮ ಲೈನ್‌ಮನ್‌ಗಳು ಬಕೆಟ್ ಟ್ರಕ್ ತೆಗೆದುಕೊಂಡು ಹೋಗಿ ಮುಖ್ಯಬೀದಿಯ ಕ್ರಿಸ್‌ಮಸ್ ದೀಪಗಳನ್ನು ಕಟ್ಟುತ್ತಿದ್ದರು, ಕ್ರೀಡಾಂಗಣದ ಬಲ್ಬು ಬದಲಿಸುತ್ತಿದ್ದರು, ಉದ್ಯಾನದ ಮರ ಸವರುತ್ತಿದ್ದರು. ಅಷ್ಟೂ ಗಂಟೆಗಳು ಮಾಮೂಲು ನಿರ್ವಹಣೆಯ ಖಾತೆಗೆ ಬೀಳುತ್ತಿದ್ದವು. ಪ್ರತ್ಯೇಕ ವರ್ಕ್ ಆರ್ಡರ್ ಸಂಖ್ಯೆ ತೆರೆದು, ಟ್ರಕ್ಕಿನ ಗಂಟೆ ಬಾಡಿಗೆಯನ್ನೂ ಸೇರಿಸಿ ಬರೆಸಿದೆ. ಬೀದಿದೀಪಗಳದು ಇನ್ನೂ ಕುತೂಹಲದ ಸಂಗತಿ. ಅವಕ್ಕೆ ಮೀಟರ್ ಇಲ್ಲ, ದೀಪದ ವ್ಯಾಟನ್ನು ವರ್ಷದ ಸುಮಾರು 4,100 ಗಂಟೆಗಳಿಂದ ಗುಣಿಸಿ ಲೆಕ್ಕ ಹಾಕುತ್ತೇವೆ. ಪುಸ್ತಕದಲ್ಲಿ ಎಲ್ಲವೂ 150 ವ್ಯಾಟ್ ಸೋಡಿಯಂ ದೀಪಗಳೆಂದೇ ಇದ್ದವು, ದೀಪಕ್ಕೆ ಹರಿಯುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಬ್ಯಾಲಸ್ಟ್ ಸೇರಿ 190 ವ್ಯಾಟಿನ ಹತ್ತಿರ. ಕಂಬದ ಮೇಲೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಕಡೆ 60 ವ್ಯಾಟಿನ ಎಲ್‌ಇಡಿ ಬಂದುಬಿಟ್ಟಿತ್ತು. ಅಂದರೆ ನಾವು ಕೊಡದೇ ಇದ್ದ ವಿದ್ಯುತ್ತನ್ನು ಕೊಡುಗೆಯೆಂದು ಬರೆಯುತ್ತಿದ್ದೆವು. ಅದನ್ನು ಇಳಿಸಿದ್ದು ನಮಗೆ ನಷ್ಟದಂತೆ ಕಂಡರೂ, ನನ್ನ ಉಳಿದ ಅಂಕಿಗಳನ್ನು ನಗರದವರು ನಂಬತೊಡಗಿದ್ದು ಅಲ್ಲಿಂದಲೇ. ಕೊಡುಗೆಗಳೆಲ್ಲ ಸೇರಿ 4 ಲಕ್ಷದಷ್ಟಾದವು. ನಗರದ ವಕೀಲರು, ಕಂಪ್ಯೂಟರ್ ವಿಭಾಗ, ವಾಹನ ಶೆಡ್ ನಮಗೆ ಪುಕ್ಕಟೆ ಮಾಡುವ ಕೆಲಸ ಒಂದೂವರೆ ಲಕ್ಷ. ನಿವ್ವಳ ಎರಡೂವರೆ ಲಕ್ಷವನ್ನು ನಗದಿಗೆ ಕೂಡಿಸಿದರೆ 22 ಲಕ್ಷ, ಆದಾಯದ ಶೇ. 5.5. ಹೀಗೆ ಎರಡೂ ಕಡೆಯ ಸೇವೆಗಳನ್ನು ಒಂದೇ ಹಾಳೆಯಲ್ಲಿ ಇಟ್ಟ ದಿನ ಕಡಿತದ ದೂರು ನಿಂತಿತು.

ಬಾಂಡ್ ಒಪ್ಪಂದದ ಓದೂ ನೆರವಾಯಿತು. ಅದರಲ್ಲಿ ಹಣ ಹರಿಯುವ ಕ್ರಮ ಸ್ಪಷ್ಟವಾಗಿದೆ: ಮೊದಲು ನಿರ್ವಹಣೆ, ಆಮೇಲೆ ಸಾಲದ ಕಂತು, ಆಮೇಲೆ ಮೀಸಲು, ಕೊನೆಗೆ ನಗರಕ್ಕೆ ವರ್ಗಾವಣೆ. ಸಾಲ ತೀರಿಸುವ ನಮ್ಮ ಶಕ್ತಿಯನ್ನು ಅಳೆಯುವ ರೇಟಿಂಗ್ ಸಂಸ್ಥೆಗಳು ಆ ವರ್ಗಾವಣೆಯ ಗಾತ್ರಕ್ಕಿಂತ ಅದರ ಅನಿಶ್ಚಿತತೆಗೆ ಹೆಚ್ಚು ಹೆದರುತ್ತವೆಂಬುದು ನನ್ನ ಅನುಭವ. ಆದ್ದರಿಂದ ಸೂತ್ರವನ್ನು ಬಜೆಟ್ ಟಿಪ್ಪಣಿಯಲ್ಲಿ ಬಿಡದೆ ನಗರದ ಆರ್ಡಿನೆನ್ಸಿನಲ್ಲೇ, ಅಂದರೆ ಮಂಡಳಿ ಅಂಗೀಕರಿಸುವ ಸ್ಥಳೀಯ ಕಾನೂನಿನಲ್ಲೇ ಬರೆಸಿದೆ, ಕೆಳಮಿತಿ ಮತ್ತು ಮೇಲ್ಮಿತಿಗಳೊಂದಿಗೆ. ಆ ಮಿತಿಗಳನ್ನು ನಿಗದಿ ಮಾಡಿದ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ನಾನು ಕಷ್ಟಪಟ್ಟು ಗಳಿಸಿದ್ದು.

ನಡುವೆ ಒಂದು ಸಣ್ಣ ಪ್ರಯೋಗವನ್ನೂ ಮಾಡಿದೆವು. ಪ್ರತಿ ಬಿಲ್ಲಿನ ಕೆಳಗೆ ‘ಇದರಲ್ಲಿ ಇಷ್ಟು ಡಾಲರ್ ನಿಮ್ಮ ನಗರದ ಸೇವೆಗಳಿಗೆ’ ಎಂಬ ಸಾಲನ್ನು ಮುದ್ರಿಸಿದೆವು. ಜನ ಮೆಚ್ಚುವರೆಂದು ಎಣಿಸಿದ್ದೆವು, ಬದಲಿಗೆ ಇದು ಗುಪ್ತ ತೆರಿಗೆಯೆಂಬ ಕರೆಗಳೇ ಬಂದವು. ಸಾಲನ್ನು ತೆಗೆದು, ಆ ಹಣ ಯಾವ ಅಗ್ನಿಶಾಮಕ ಠಾಣೆಗೆ, ಯಾವ ಗ್ರಂಥಾಲಯಕ್ಕೆ ಹೋಯಿತೆಂದು ವರ್ಷಕ್ಕೊಮ್ಮೆ ಪತ್ರ ಕಳುಹಿಸತೊಡಗಿದ ಮೇಲೆ ಆ ಕರೆಗಳು ನಿಂತವು.

2022ರಲ್ಲಿ ಒಟ್ಟು ಆದಾಯದ ಪದ್ಧತಿಯ ಸ್ಯಾನ್ ಆಂಟೋನಿಯೊ ನಗರಕ್ಕೆ ವಿದ್ಯುತ್ ಸಂಸ್ಥೆಯಿಂದ ನಿರೀಕ್ಷೆಗಿಂತ ಹೆಚ್ಚು ಹಣ ಬಂದು, ಅದರಲ್ಲೊಂದು ಭಾಗವನ್ನು ಗ್ರಾಹಕರಿಗೆ ಹಿಂತಿರುಗಿಸುವ ಚರ್ಚೆ ಅಲ್ಲಿನ ಮಂಡಳಿಯಲ್ಲಿ ನಡೆಯಿತು. ನಮ್ಮ ಪಾವತಿ ಆ ವರ್ಷ ಶೇ. 2ರಷ್ಟೂ ಅಲುಗಲಿಲ್ಲ. ಮೊದಲು ವಿರೋಧಿಸಿದ್ದ ಹಣಕಾಸು ಅಧಿಕಾರಿಯೇ ಈಗ ನೆರೆಯ ಊರುಗಳಿಗೆ ನಮ್ಮ ಹಾಳೆಯನ್ನು ಕಳುಹಿಸುತ್ತಾರೆ. ಸದ್ಯ ನನ್ನ ಮೇಜಿನ ಮೇಲಿರುವುದು ದತ್ತಾಂಶ ಕೇಂದ್ರವೊಂದರ ಅರ್ಜಿ. ಅದೊಂದೇ ನಮ್ಮ ವಿದ್ಯುತ್ ಬೇಡಿಕೆಯನ್ನು ಮೂರನೇ ಒಂದು ಭಾಗದಷ್ಟು ಹೆಚ್ಚಿಸುತ್ತದೆ, ಒಪ್ಪಂದ ಮುಗಿದ ದಿನ ಹೊರಟೂ ಹೋಗಬಹುದು. ಅದರ ಆದಾಯವನ್ನು ಪೂರ್ತಿ ಸರಾಸರಿಗೆ ಸೇರಿಸಿದರೆ ನಗರ ಆ ಹಣದ ಮೇಲೆ ಕಾಯಂ ನೌಕರರನ್ನು ನೇಮಿಸಿಕೊಳ್ಳುತ್ತದೆ. ಆದ್ದರಿಂದ ಅರ್ಧವನ್ನಷ್ಟೇ ಸೂತ್ರಕ್ಕೆ ಸೇರಿಸಿ, ಉಳಿದರ್ಧವನ್ನು ಆ ಕೇಂದ್ರಕ್ಕಾಗಿ ಕಟ್ಟುವ ಉಪಕೇಂದ್ರದ ಸಾಲ ತೀರಿಸಲು ಮೀಸಲಿಡುವ ತಿದ್ದುಪಡಿಯನ್ನು ಮಂಡಳಿಯ ಮುಂದೆ ಇಟ್ಟಿದ್ದೇನೆ.