ಏರಿಳಿಯುವ ಐಡ್ಲಿಂಗ್: ವಾಲ್ವ್ ಬಿಚ್ಚುವ ಮುನ್ನ ಗಾಳಿಯ ಜಾಡು ಹಿಡಿಯಿರಿ

ಕಾರು ನಿಂತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಆದರೂ ಆರ್‌ಪಿಎಂ ಮುಳ್ಳು 900ರಿಂದ 1,800ಕ್ಕೆ ಏರುತ್ತದೆ, ದಪ್ಪನೆ ಬೀಳುತ್ತದೆ, ಮತ್ತೆ ಏರುತ್ತದೆ. ಹಳೆಯ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಈ ಏದುಸಿರು ಹೊಸದಲ್ಲ. ಎಲ್ಲರ ಅನುಮಾನವೂ ಮೊದಲು ಹೋಗುವುದು ಐಡಲ್ ಏರ್ ವಾಲ್ವ್ ಮೇಲೆ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್‌ಗೆ ಬೇಕಾದಷ್ಟು ಗಾಳಿ ಬಿಡುವ ವಾಲ್ವ್ ಮೇಲೆ. ದುಡ್ಡು ಕೊಟ್ಟು ಹೊಸದು ಹಾಕಿದ ಮೇಲೂ ಮುಳ್ಳು ಕುಣಿಯುತ್ತಲೇ ಇರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಒಳಗೆ ಆಗುವುದು ಇಷ್ಟು. ಎಲ್ಲಿಂದಲೋ ಹೆಚ್ಚುವರಿ ಗಾಳಿ ನುಗ್ಗಿ ಎಂಜಿನ್ ವೇಗ ಏರುತ್ತದೆ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಚ್ಚಿದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ. ಹಾಗಾದರೆ ಕಾರು ಇಳಿಜಾರಿನಲ್ಲಿರಬೇಕು ಎಂದುಕೊಂಡ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಕುಸಿದೊಡನೆ ಮತ್ತೆ ಕೊಡುತ್ತದೆ. ಈ ಕೊಡು-ಬಿಡು ಆಟವೇ ಏರಿಳಿತ. ಆದ್ದರಿಂದ ಹುಡುಕಬೇಕಾದ್ದು ಆ ಗಾಳಿ ಬರುವ ದಾರಿ.

ಶುರು ಮಾಡುವುದು ಕೂಲೆಂಟ್‌ನಿಂದ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು ಮಟ್ಟ ನೋಡಿ. ಕೂಲೆಂಟ್ ಕಡಿಮೆಯಾಗಿ ಟೆಂಪರೇಚರ್ ಸೆನ್ಸರ್ ಸುತ್ತ ಗಾಳಿಗುಳ್ಳೆ ನಿಂತರೆ, ಬಿಸಿಯಾದ ಎಂಜಿನ್ ಕೂಡ ಇಸಿಯುಗೆ ತಣ್ಣಗೇ ಕಾಣುತ್ತದೆ, ಅದು ಐಡಲ್ ವಾಲ್ವ್ ತೆರೆದು ಹೆಚ್ಚು ಗಾಳಿ ಬಿಡುತ್ತದೆ. ಥ್ರಾಟಲ್ ಬಾಡಿಯಲ್ಲಿ ಮೇಣದ ವಾಲ್ವ್ ಇರುವ ಕಾರುಗಳಲ್ಲಿ ಅದೂ ಬಿಸಿ ತಾಗದೆ ತೆರೆದೇ ಉಳಿಯುತ್ತದೆ. ಸೆನ್ಸರ್ ಮೇಲೆ ಅನುಮಾನವಿದ್ದರೆ ಮಲ್ಟಿಮೀಟರ್ ಹಿಡಿಯಿರಿ: ಅನೇಕ ಹಳೆಯ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ತೋರಿಸುತ್ತದೆ.

ಮುಂದಿನದು ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ, ಏಕೆಂದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಐಡಲ್ ವಾಲ್ವ್‌ಗೆ ಹೋಗುವ ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಹಿಡಿಯಿರಿ. ಆರ್‌ಪಿಎಂ ಕುಸಿದು ಎಂಜಿನ್ ನಿಲ್ಲುವ ಹಾಗಾದರೆ ಹೆಚ್ಚುವರಿ ಗಾಳಿ ಬರುತ್ತಿದ್ದದ್ದು ವಾಲ್ವ್ ಮೂಲಕವೇ. ಹಿಡಿದರೂ ಕುಣಿತ ನಿಲ್ಲದಿದ್ದರೆ ವಾಲ್ವನ್ನು ಅದರ ಪಾಡಿಗೆ ಬಿಡಿ, ಲೀಕ್ ಬೇರೆಡೆ ಇದೆ. ವಾಲ್ವ್ ನೇರವಾಗಿ ಥ್ರಾಟಲ್ ಬಾಡಿಗೆ ಕೂತಿರುವ ಕಾರುಗಳಲ್ಲಿ ಒತ್ತಲು ಹೋಸ್ ಇರುವುದಿಲ್ಲ. ಅಲ್ಲಿ ಸೀದಾ ಲೀಕ್ ಹುಡುಕಿ.

ಟರ್ಬೊ ಕಾರಿನಲ್ಲಿ ಇದಕ್ಕೇ ಹೆಚ್ಚು ಹೊತ್ತು ಬೇಕು. ಒಂದೇ ಹೋಸ್ ಒಮ್ಮೆ ಬೂಸ್ಟ್‌ಗೆ ಉಬ್ಬುತ್ತದೆ, ಮರುಕ್ಷಣ ವ್ಯಾಕ್ಯೂಮ್‌ಗೆ ಒಳಗೆಳೆಯಲ್ಪಡುತ್ತದೆ. ಜತೆಗೆ ಟರ್ಬೊದ ಕಾವು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒಳಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರ್‌ನಿಂದ ಟರ್ಬೊ ಬಾಯಿಯವರೆಗಿನ ರಬ್ಬರ್ ಪೈಪನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ನಾನು ಎರಡು ದಿನ ಹುಡುಕಿದ ಸೀಳೊಂದು ಅದರ ಮಡಿಕೆಯ ಅಡಿಭಾಗದಲ್ಲಿತ್ತು. ಮೇಲಿನಿಂದ ಏನೂ ಕಾಣದು, ಬಗ್ಗಿಸಿದಾಗ ಮಾತ್ರ ಎರಡು ಅಂಗುಲ ಬಾಯಿ ಬಿಟ್ಟಿತು. ಆಮೇಲೆ ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಇನ್‌ಟೇಕ್‌ಗೆ ಕಳಿಸುವುದು), ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಗಾಳಿಯನ್ನು ಹೊರಗೆ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿಸಿದ್ದರೆ ಅದರ ಸ್ಪ್ರಿಂಗ್ ನೋಡಿ. ಮೆದುವಾಗಿದ್ದರೆ ಐಡ್ಲಿಂಗ್‌ನಲ್ಲೇ ತೆರೆದು, ಮೀಟರ್ ಅಳೆಯದ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಲೀಕ್ ಹುಡುಕಲು ಕಾರ್ಬ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ಹಲವರಿಗಿದೆ. ಕೆಂಡದಂಥ ಟರ್ಬೊ ಪಕ್ಕದಲ್ಲಿ ಅದನ್ನು ದಯವಿಟ್ಟು ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಪೈಪುಗಳೊಳಗೆ ಹೊಗೆ ತುಂಬಿ ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ.

ತಪ್ಪು ವಾಲ್ವ್‌ನದೇ ಎಂದು ಖಚಿತವಾಯಿತೇ? ಬ್ಯಾಟರಿಯ ನೆಗೆಟಿವ್ ಕಳಚಿ, ವಾಲ್ವ್ ಬಿಚ್ಚಿ, ಒಳಗಿನ ಕಪ್ಪು ಮಸಿಯನ್ನು ಥ್ರಾಟಲ್ ಬಾಡಿ ಕ್ಲೀನರ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಕಾಯಿಲ್ ಇರುವ ತುದಿ ಮೇಲಕ್ಕಿರಲಿ, ದ್ರವ ಅಲ್ಲಿಗೆ ಇಳಿಯಬಾರದು. ಸ್ಟೆಪ್ಪರ್ ಮೋಟರ್ ಮಾದರಿಯಾದರೆ ಅದರ ಮೊನೆಯನ್ನು ಕೈಯಿಂದ ಒತ್ತಬೇಡಿ, ಒಳಗಿನ ಎಳೆ ಹಾಳಾಗುತ್ತದೆ. ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಥ್ರಾಟಲ್ ಸ್ವಿಚ್ ಮುಚ್ಚಿದ ಸ್ಥಿತಿಯನ್ನು ಸರಿಯಾಗಿ ಹೇಳುತ್ತಿದೆಯೇ ಎಂಬುದನ್ನೂ ನೋಡಿಬಿಡಿ. ಐಡಲ್ ಸ್ಕ್ರೂ ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ, ಅದೂ ಆ ಕಾರಿನ ಮ್ಯಾನುವಲ್ ಮುಂದಿಟ್ಟುಕೊಂಡು. ಕೊನೆಯಲ್ಲಿ ಎಂಜಿನ್ ಬಿಸಿಯಾದ ಮೇಲೆ ಹೆಡ್‌ಲೈಟ್, ಏಸಿ ಎರಡನ್ನೂ ಒಟ್ಟಿಗೆ ಹಾಕಿ. ಮುಳ್ಳು ಒಮ್ಮೆ ಕೆಳಗಿಳಿದು ತಾನಾಗಿ ಎದ್ದು ನಿಂತರೆ ಬಾನೆಟ್ ಮುಚ್ಚಬಹುದು.