ಗೋವಾ ಕ್ಯಾಸಿನೊ: ಮಿತಿ ಹಾಕಿಕೊಳ್ಳಬೇಕಾದದ್ದು ಮನೆಯಲ್ಲೇ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಹೊರಟ ಗೆಳೆಯರ ಗುಂಪಿನಲ್ಲಿ ‘ಒಂದ್ಸಲ ಕ್ಯಾಸಿನೊ ನೋಡೋಣ’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಪಣಜಿಯಲ್ಲಿ ಮಾಂಡವಿ ನದಿಯ ಹಡಗುಗಳ ಮೇಲೆ ಜೂಜಾಡಲು ಕಾನೂನಿನ ಅನುಮತಿ ಇದೆ, 21 ವರ್ಷ ತುಂಬಿರಬೇಕು ಅಷ್ಟೇ. ಆದರೆ ಎಷ್ಟು ಹಣ ಹೋದರೆ ಎದ್ದು ಬರಬೇಕು ಎಂಬುದನ್ನು ಹಡಗು ಹತ್ತಿದ ಮೇಲೆ ತೀರ್ಮಾನಿಸುತ್ತೇನೆ ಎಂದುಕೊಂಡವರು ಆಗಲೇ ಅರ್ಧ ಸೋತಂತೆ. ಪ್ಯಾಕೇಜಿನಲ್ಲೇ ಬರುವ ಮದ್ಯ, ನೋಟಿನ ಬದಲು ಕೈಗೆ ಸಿಗುವ ಬಣ್ಣದ ಬಿಲ್ಲೆಗಳು (ಚಿಪ್ಸ್), ಹೊತ್ತು ಹೋದದ್ದೇ ತಿಳಿಯದ ಹಾಲ್: ಅಲ್ಲಿ ಲೆಕ್ಕ ಮಾಡುವ ಮನಸ್ಸು ಉಳಿದಿರುವುದಿಲ್ಲ.

ಮೊದಲು ಮೊತ್ತ ಗೊತ್ತುಮಾಡಿ. ಬಾಡಿಗೆ, ಇಎಂಐ, ಮಕ್ಕಳ ಫೀಸು, ಚೀಟಿ ಕಂತು ಎಲ್ಲ ಕಟ್ಟಿದ ಮೇಲೆ ಸಿನಿಮಾ, ಹೋಟೆಲ್‌ ಎಂದು ಖರ್ಚು ಮಾಡುವ ಹಣವಿದೆಯಲ್ಲ, ಮೊತ್ತ ಅದರೊಳಗೇ ಇರಬೇಕು. ಕೈಸಾಲ ತೀರಿಸಬೇಕಾದವರು, ಹಿಂದೆ ಸೋತದ್ದನ್ನು ಮನೆಯವರಿಂದ ಮುಚ್ಚಿಟ್ಟವರು ಹಡಗು ಹತ್ತಲೇಬಾರದು. ಮಿಕ್ಕವರು 5,000 ರೂಪಾಯಿ ಎಂದು ನಿಗದಿ ಮಾಡಿಕೊಂಡರೆ ಪ್ರವೇಶ ಪ್ಯಾಕೇಜಿನ ದರವೂ ಅದರಲ್ಲೇ ಸೇರಲಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗೆ ಶೇ 40 ಜಿಎಸ್‌ಟಿ ಇದೆ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ, ಪ್ಯಾಕೇಜಿನ ಜೊತೆ ಕೊಡುವ ಚಿಪ್ಸನ್ನು ನಗದು ಮಾಡಿಕೊಳ್ಳಬಹುದೇ ಅಥವಾ ಆಡಿಯೇ ಮುಗಿಸಬೇಕೇ ಎಂದು ಕೌಂಟರ್‌ನಲ್ಲೇ ಕೇಳಿ.

ಆ ಮಿತಿಯನ್ನು ಮುರಿಯಲು ನಿಮ್ಮ ಕೈಲೇ ಆಗದಂತೆ ಮಾಡುವುದು ಮುಂದಿನ ಕೆಲಸ, ಹೆಚ್ಚಿನವರು ಬಿಡುವುದೂ ಇದನ್ನೇ. ಹಣವನ್ನು ನಗದಾಗಿ ಲಕೋಟೆಯಲ್ಲಿ ಹಾಕಿ. ವಾಪಸ್ ಬರುವ ಬಸ್ ಚಾರ್ಜು, ಪೆಟ್ರೋಲಿನ ಹಣ ಬೇರೆ ಕಡೆ ಇರಲಿ. ಕಾರ್ಡುಗಳು ಲಾಡ್ಜಿನಲ್ಲೇ ಉಳಿಯಲಿ. ಬ್ಯಾಂಕಿನ ಆ್ಯಪ್‌ನಲ್ಲಿ ಎಟಿಎಂ ಮತ್ತು ಸ್ವೈಪ್ ಸೌಲಭ್ಯವನ್ನು ಆಫ್ ಮಾಡಿ, ಯುಪಿಐ ಇರುವ ಫೋನನ್ನು ಆಡದೇ ಕೂತಿರುವ ಗೆಳೆಯರ ಕೈಗೆ ಕೊಡಿ. ಅಲ್ಲಿ ಯಾರಾದರೂ ಸಾಲ ಕೊಡುತ್ತೇನೆಂದು ಬಂದರೆ, ಅದು ಗೆಳೆಯನೇ ಆಗಿದ್ದರೂ, ಬೇಡ ಎನ್ನಿ.

ಟೇಬಲ್ಲಿಗೆ ಕೂರುವ ಮೊದಲು ಕನಿಷ್ಠ ಪಣ ಎಷ್ಟು ಎಂದು ಬೋರ್ಡು ನೋಡಿ. ಆಟದ ಹಣವನ್ನು 50 ಪಾಲು ಮಾಡಿ, ಒಂದು ಸಲಕ್ಕೆ ಒಂದೇ ಪಾಲು ಕಟ್ಟಿ. ಕನಿಷ್ಠ ಪಣವೇ ಅದಕ್ಕಿಂತ ಹೆಚ್ಚಿದ್ದರೆ ಆ ಟೇಬಲ್ ಬೇಡ. ರೂಲೆಟ್ ಎಂದರೆ ತಿರುಗುವ ಚಕ್ರದಲ್ಲಿ ಗುಂಡು ಯಾವ ಅಂಕಿಯ ಮನೆಯಲ್ಲಿ ನಿಲ್ಲುತ್ತದೆ ಎಂದು ಪಣ ಕಟ್ಟುವ ಆಟ. ಚಕ್ರದಲ್ಲಿ ಒಂದೇ ಸೊನ್ನೆ ಇದ್ದರೆ 37 ಮನೆ, ಎರಡಿದ್ದರೆ 38. ಎರಡರಲ್ಲೂ ಒಂದು ಅಂಕಿಗೆ ಕಟ್ಟಿ ಗೆದ್ದರೆ, ಕಟ್ಟಿದ ಹಣದ ಜೊತೆ ಕೊಡುವುದು ಅದರ 35 ಪಟ್ಟು ಮಾತ್ರ. ಹಾಗಾಗಿ ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2.70 ರೂಪಾಯಿ ಅಥವಾ 5.26 ರೂಪಾಯಿ ಹೋಗುತ್ತದೆ. ಊರಿನಲ್ಲಿ ಆಡಿ ಗೊತ್ತಿದೆಯೆಂದು ಅಂದರ್ ಬಾಹರ್ ಟೇಬಲ್ಲಿಗೆ ಕೂರುವವರು ಹೆಚ್ಚು. ಮೊದಲ ಎಲೆ ಬೀಳುವ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ 51.5 ಎಂಬುದು ನಿಜ. ಆ ಕಡೆ ಗೆದ್ದಾಗ ನೂರಕ್ಕೆ 90 ಮಾತ್ರ ಕೊಟ್ಟರೆ, ಆ ಲಾಭ ಪೂರ್ತಿ ಕರಗಿ ಪ್ರತಿ ನೂರಕ್ಕೆ ಎರಡು ರೂಪಾಯಿಗೂ ಹೆಚ್ಚು ನಷ್ಟವೇ ಉಳಿಯುತ್ತದೆ.

ಮಿತಿ ಒಡೆಯುವುದು ಬಹುಪಾಲು ‘ಡಬಲ್ ಮಾಡ್ತಾ ಹೋದರೆ ಯಾವಾಗಲಾದರೂ ಬಂದೇ ಬರುತ್ತೆ’ ಎಂಬ ಉಪಾಯದಿಂದ. ರೂಲೆಟ್‌ನಲ್ಲಿ ಕೆಂಪು ಮನೆಗಳ ಮೇಲೆ 100 ಕಟ್ಟಿ ಸೋತರೆ 200, ಆಮೇಲೆ 400, 800, 1,600, 3,200. ಸಾಲಾಗಿ ಆರು ಸಲ ಸೋತರೆ 6,300 ರೂಪಾಯಿ ಹೋಯಿತು, ಏಳನೆಯ ಸಲಕ್ಕೆ 6,400 ಬೇಕು. ಒಂದೇ ಸೊನ್ನೆಯ ಚಕ್ರದಲ್ಲಿ ಹೀಗೆ ಸಾಲಾಗಿ ಆರು ಸೋಲು ಬರುವ ಸಾಧ್ಯತೆ 55ಕ್ಕೆ ಒಂದರಷ್ಟು. ಗಂಟೆಗೆ 40 ಸುತ್ತಿನಂತೆ ನಾಲ್ಕು ಗಂಟೆ ಕೂತರೆ ಅದು ಒಮ್ಮೆಯಾದರೂ ಎದುರಾಗುವ ಸಾಧ್ಯತೆಯೇ ಹೆಚ್ಚು. ಇಷ್ಟೆಲ್ಲ ಹಣ ಕಟ್ಟುವುದು ಕೇವಲ 100 ರೂಪಾಯಿ ಲಾಭಕ್ಕೆ. ಹಿಂದಿನ ಐದು ಸಲ ಕಪ್ಪು ಬಿದ್ದಿತ್ತು ಎಂಬುದು ಚಕ್ರಕ್ಕೆ ಗೊತ್ತಿರುವುದಿಲ್ಲ.

ಎರಡು ಗಂಟೆ ಕಳೆದ ಮೇಲೆ ಹೊಡೆಯುವಂತೆ ಫೋನಿನಲ್ಲಿ ಅಲಾರಂ ಇಟ್ಟು ಗೆಳೆಯರಿಗೆ ಕೊಟ್ಟಿರಿ. ಕುಡಿಯುವುದಿದ್ದರೆ ಆಟ ಮುಗಿದ ಮೇಲೆ. ಗೆದ್ದಾಗಲೂ ನಿಲ್ಲುವ ಗುರುತು ಇರಲಿ: ಹಣ ಒಂದೂವರೆ ಪಟ್ಟಾದರೆ ಚಿಪ್ಸ್ ಕೊಟ್ಟು ನಗದು ಮಾಡಿಕೊಂಡು ಊಟಕ್ಕೆ ಹೋಗಿ. ಗೆಲುವಿನ ಮೇಲೆ ಶೇ 30 ಆದಾಯ ತೆರಿಗೆ ಇದೆ, ಸೆಸ್ ಬೇರೆ. ಸೋತ ಹಣವನ್ನು ಅದರಲ್ಲಿ ಕಳೆಯಲು ಬರುವುದಿಲ್ಲ.

ಹೋದ ಹಣ ವಾಪಸ್ ಗೆಲ್ಲಲೆಂದೇ ಮರುವಾರ ಹೊರಡುವುದು, ಎಷ್ಟು ಹೋಯಿತೆಂದು ಹೆಂಡತಿಗೋ ಗಂಡನಿಗೋ ಸುಳ್ಳು ಹೇಳುವುದು, ಒಡವೆ ಅಡವಿಡುವುದು ಶುರುವಾದರೆ ಮಿತಿಯ ಹಂತ ದಾಟಿದೆ. ಜೂಜಿನ ಚಟ ಚಿಕಿತ್ಸೆ ಇರುವ ಕಾಯಿಲೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಅದು ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಚಟ ಹತ್ತಿದವರ ಸಾಲ ತೀರಿಸಲು ಮನೆಯವರು ಮುಂದಾಗುವುದಾದರೆ ಹಣವನ್ನು ಅವರ ಕೈಗೆ ಕೊಡದೆ, ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ ರಸೀದಿ ತೆಗೆದುಕೊಳ್ಳಿ.